ಜೌಗಿನಲ್ಲಿ ಕೈ ಬೆಚ್ಚಗಿರಲಿ: ಚಳಿಗಾಲದ ಬಾತುಕೋಳಿ ಬೇಟೆಗೆ ಗ್ಲೌಸ್ ಆರಿಸುವ ಬಗೆ

ಜನವರಿಯ ಒಂದು ಬೆಳಗಿನ ಜಾವ. ಇಂಗ್ಲೆಂಡಿನ ಪೂರ್ವ ಕರಾವಳಿಯ ವಾಶ್ ಕೊಲ್ಲಿ. ಇಳಿತದ ಹೊತ್ತಿಗೆ ಇಲ್ಲಿ ಕಣ್ಣು ಹಾಯುವವರೆಗೂ ಬರೀ ಕೆಸರು, ನಡುವೆ ಹಾವಿನಂತೆ ಹರಿಯುವ ತೋಡುಗಳು. ಅಂಥ ಒಂದು ತೋಡಿನಲ್ಲಿ ಮೊಣಕಾಲು ಮುಳುಗುವ ನೀರಲ್ಲಿ ನಿಂತು ನಾನು ಡಿಕಾಯ್ ಇಡುತ್ತಿದ್ದೆ. ಡಿಕಾಯ್ ಅಂದರೆ ಹಾರುವ ಬಾತುಗಳನ್ನು ಕೆಳಗಿಳಿಸಲು ನೀರಿನ ಮೇಲೆ ತೇಲಿಬಿಡುವ ಪ್ಲಾಸ್ಟಿಕ್ ಬಾತು. ಒಂದರ ದಾರ ಸಿಕ್ಕಾಗಿತ್ತು. ಬಿಡಿಸೋಣ ಅಂತ ಕೈಯನ್ನು ನೀರಿಗೆ ಇಳಿಸಿದೆ. ಗ್ಲೌಸ್ ಮೇಲೆ ‘ವಾಟರ್‌ಪ್ರೂಫ್’ ಅಂತ ದೊಡ್ಡದಾಗಿ ಬರೆದಿತ್ತು. ಬಟ್ಟೆಯಿಂದ ಒಂದು ಹನಿಯೂ ಒಳಗೆ ಬರಲಿಲ್ಲ. ಮಣಿಕಟ್ಟಿನ ಕಡೆಯಿಂದ ಪೂರ್ತಿ ಒಳಗೆ ಸುರಿಯಿತು.

ಮುಕ್ಕಾಲು ಗಂಟೆ ಕಳೆದ ಮೇಲೆ ಮೊದಲ ವಿಜನ್ ಬಾತುಗಳು ಸಿಳ್ಳೆ ಹಾಕುತ್ತಾ ಬಂದವು. ಕೋವಿ ಎತ್ತಿದೆ. ಹೆಬ್ಬೆರಳು ಸೇಫ್ಟಿ ಗುಂಡಿಯ ಮೇಲೆ, ಅಂದರೆ ಟ್ರಿಗರ್ ಅನ್ನು ತಡೆಹಿಡಿಯುವ ಗುಂಡಿಯ ಮೇಲೆ, ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಬೆರಳು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ. ಕೋವಿ ಇಳಿಸಿ, ತೋಟಾ ತೆಗೆಯೋಣ ಅಂತ ಮಡಚಿ ತೆರೆದೆ. ತೋಟಾದ ಹಿತ್ತಾಳೆ ಅಂಚನ್ನು ಹಿಡಿಯಲು ಬೆರಳು ಕೂಡಲೇ ಇಲ್ಲ. ಪಕ್ಕದಲ್ಲಿದ್ದ ಕ್ಲಬ್ಬಿನ ಹಿರಿಯರೊಬ್ಬರು ಮಾತಾಡದೆ ಕೋವಿ ತೆಗೆದುಕೊಂಡರು, ಎರಡೂ ತೋಟಾ ಹೊರಗೆಳೆದು ಜೇಬಿಗೆ ಹಾಕಿದರು. ಆಮೇಲೆ ತಮ್ಮ ಚೀಲದಿಂದ ಒಂದು ಬ್ರೆಡ್ಡಿನ ಕವರ್ ತೆಗೆದರು. ಅದರೊಳಗೆ ಒಂದು ಜೊತೆ ಒಣಗಿದ ಉಣ್ಣೆ ಗ್ಲೌಸ್ ಇತ್ತು.

ಅವತ್ತಿನಿಂದ ಗ್ಲೌಸ್ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಮರಗಟ್ಟಿದ ಕೈಯಲ್ಲಿ ತುಂಬಿದ ಕೋವಿ ಇರುವುದು ದೊಡ್ಡ ಅಪಾಯ. ಬ್ರಿಟನ್ನಿಗೆ ಬಂದು ನೆಲೆಸಿ, ಇಲ್ಲಿನ ಗೆಳೆಯರ ಜೊತೆ ಜೌಗಿಗೆ ಹೋಗಲು ಶುರು ಮಾಡಿದ ನಮ್ಮವರು ಕೆಲವರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕ್ಯಾಮೆರಾ ಹಿಡಿದು ಹೋಗುವವರಿಗೂ ಅರ್ಧಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮೊದಲೇ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿ ಖುಷಿಪಡಬೇಕು, ಅಷ್ಟೇ. ನಾನು ಹೇಳುತ್ತಿರುವುದು ಬ್ರಿಟನ್ನಿನ ಕರಾವಳಿಯ ಮಾತು. ಇಲ್ಲಿ ಶಾಟ್‌ಗನ್ ಸರ್ಟಿಫಿಕೇಟ್ ಬೇಕು, ಆ ಜಾಗಕ್ಕೆ ಅನುಮತಿ ಬೇಕು, ಯಾವ ಹಕ್ಕಿ ಹೊಡೆಯಬಹುದು ಯಾವುದು ಕೂಡದು ಅಂತ ಕತ್ತಲಲ್ಲೂ ಗುರುತು ಸಿಗಬೇಕು. ಇಂಗ್ಲೆಂಡಿನಲ್ಲಿ ಸೀಸನ್ ಸೆಪ್ಟೆಂಬರ್ 1ಕ್ಕೆ ಶುರು. ಒಳನಾಡಿನಲ್ಲಿ ಜನವರಿ 31ಕ್ಕೆ ಮುಗಿಯುತ್ತದೆ. ಸಮುದ್ರದ ಉಬ್ಬರದ ಗೆರೆಯ ಕೆಳಗೆ ಫೆಬ್ರವರಿ 20ರವರೆಗೆ ಬಾತು, ಹೆಬ್ಬಾತುಗಳಿಗೆ ಅವಕಾಶ ಇದೆ. ಅಂದರೆ ವರ್ಷದ ಅತಿ ಕೆಟ್ಟ ಚಳಿಯೆಲ್ಲ ಈ ಲೆಕ್ಕದೊಳಗೇ ಬರುತ್ತದೆ.

ದಪ್ಪ ನೋಡಬೇಡಿ, ಒಣಗಿರುವುದನ್ನು ನೋಡಿ

ಅಂಗಡಿಗೆ ಹೋದ ಕೂಡಲೇ ಎಲ್ಲರ ಕೈಯೂ ಅತಿ ದಪ್ಪ ಗ್ಲೌಸ್ ಕಡೆ ಹೋಗುತ್ತದೆ. ಬೆಚ್ಚಗಿಡುವುದು ಬಟ್ಟೆಯ ದಪ್ಪ ಅಲ್ಲ, ಬಟ್ಟೆಯ ಎಳೆಗಳ ನಡುವೆ ಅಲ್ಲಾಡದೆ ನಿಂತ ಗಾಳಿ. ಅಲ್ಲಿಗೆ ನೀರು ಹೊಕ್ಕರೆ ಕಥೆ ಮುಗಿಯಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಒಳಗೆ ಒದ್ದೆಯಾದ ದಪ್ಪ ಗ್ಲೌಸ್‌ಗಿಂತ ಒಣಗಿದ ತೆಳು ಗ್ಲೌಸ್ ಎಷ್ಟೋ ಮೇಲು.

ಮಲೆನಾಡಿನ, ಕೊಡಗಿನ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿದ ನಮ್ಮ ಅಜ್ಜಂದಿರು ಹತ್ತಿ ಬಟ್ಟೆಯನ್ನು ನಂಬಲಿಲ್ಲ. ಕಂಬಳಿ ನೆನೆದರೂ ಒಂದಿಷ್ಟು ಬೆಚ್ಚಗೆ ಇಡುತ್ತದೆ. ಹತ್ತಿ ನೆನೆದರೆ ಮೈಗೆ ಅಂಟಿಕೊಂಡು ಇರುವ ಶಾಖವನ್ನೂ ಹೀರುತ್ತದೆ. ಗ್ಲೌಸ್‌ಗೂ ಅದೇ ಮಾತು. ಒಳಪದರ ಹತ್ತಿಯದಾಗಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಮೆರಿನೋ ಉಣ್ಣೆ, ಫ್ಲೀಸ್, ಥಿನ್ಸುಲೇಟ್, ಪ್ರೈಮಾಲಾಫ್ಟ್ ಅನ್ನುವ ಕೃತಕ ಎಳೆಗಳು, ಇವು ಸರಿ. ಹಕ್ಕಿಯ ಪುಕ್ಕ ತುಂಬಿದ ಗ್ಲೌಸ್ ಒಣ ಹಿಮಕ್ಕೆ ಚೆನ್ನ, ಜೌಗಿಗೆ ಬೇಡ. ಒಮ್ಮೆ ನೆನೆದರೆ ಪುಕ್ಕ ಮುದ್ದೆಯಾಗಿ ಕೂರುತ್ತದೆ.

ಕೆಲಸ ಮೂರು, ಗ್ಲೌಸ್ ಒಂದೇ ಸಾಲದು

ನೂರಾರು ಪೌಂಡ್ ಕೊಟ್ಟರೂ ಎಲ್ಲದಕ್ಕೂ ಆಗುವ ಒಂದು ಜೊತೆ ಸಿಗುವುದಿಲ್ಲ. ಒಂದು ಬೆಳಗ್ಗೆ ನಮ್ಮ ಕೈ ಏನೇನು ಮಾಡುತ್ತದೆ ಅಂತ ಮೊದಲು ಲೆಕ್ಕ ಹಾಕಿ. ಡಿಕಾಯ್ ಇಡುವಾಗ, ತೆಗೆಯುವಾಗ, ಬಿದ್ದ ಹಕ್ಕಿಯನ್ನು ನೀರಿಂದ ಎತ್ತುವಾಗ ಕೈ ಪೂರ್ತಿ ನೀರಿನೊಳಗೆ. ಆಮೇಲೆ ಒಂದೆರಡು ಗಂಟೆ ಕಾಯುವುದು. ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟರ ಸುಮಾರಿಗೆ. ನಾವು ಆರಕ್ಕೇ ಕೆಸರಲ್ಲಿ ಕೂತಿರುತ್ತೇವೆ. ಕೊನೆಗೆ ಗುಂಡು ಹಾರಿಸುವುದು, ಅದು ಕೆಲವೇ ಕ್ಷಣದ ಕೆಲಸ.

ನೀರಿನ ಕೆಲಸಕ್ಕೆ ಮೊಣಕೈವರೆಗೆ ಬರುವ ಉದ್ದನೆಯ ರಬ್ಬರ್ ಅಥವಾ ಪಿವಿಸಿ ಗ್ಲೌಸ್ ತೆಗೆದುಕೊಳ್ಳಿ. ಇದರಲ್ಲಿ ನಾಜೂಕು ಬೇಕಿಲ್ಲ. ಒಳಗೆ ಇನ್ನೊಂದು ತೆಳು ಉಣ್ಣೆ ಗ್ಲೌಸ್ ಹಿಡಿಯುವಷ್ಟು ಸಡಿಲ ಇರಲಿ. ಬೇಟೆ ಅಂಗಡಿಯ ಬಣ್ಣಬಣ್ಣದ ಚೀಟಿ ಇರುವುದಕ್ಕಿಂತ ಮೀನುಗಾರರ ಸಾಮಾನು ಮಾರುವ ಅಂಗಡಿಯಲ್ಲಿ ಒಳ್ಳೆಯದು, ಅಗ್ಗದ್ದು ಸಿಗುತ್ತದೆ. ದಿನವಿಡೀ ತಣ್ಣೀರಿನಲ್ಲಿ ಬಲೆ ಎಳೆಯುವವರು ಹಾಕುವ ಗ್ಲೌಸ್ ಅದು.

ಕಾಯುವುದಕ್ಕೆ ಬೆಚ್ಚಗಿನದು, ಗಾಳಿ ತಡೆಯುವುದು ಬೇಕು. ಗುಂಡು ಹಾರಿಸಲು ತೆಳ್ಳಗಿನದು, ಬೆರಳಿಗೆ ಅಂಟಿದಂತೆ ಕೂರುವುದು ಬೇಕು. ಈ ಎರಡನ್ನು ಹೇಗೆ ಹೊಂದಿಸುವುದು ಅನ್ನುವುದೇ ನಿಜವಾದ ಪ್ರಶ್ನೆ. ನಾನು ಮಾಡುವುದು ಹೀಗೆ. ಎಡಗೈ ಕೋವಿಯ ಮುಂದಿನ ಮರ ಹಿಡಿಯುತ್ತದೆ. ಅದಕ್ಕೆ ದಪ್ಪನೆಯ ವಾಟರ್‌ಪ್ರೂಫ್ ಗ್ಲೌಸ್. ಬಲಗೈಗೆ ತೆಳುವಾದದ್ದು. ಕಾಯುವ ಹೊತ್ತಲ್ಲಿ ಬಲಗೈ ಸೊಂಟಕ್ಕೆ ಕಟ್ಟಿದ ಫ್ಲೀಸ್ ಮಫ್ ಒಳಗೆ, ಅಂದರೆ ಕೈ ತೂರಿಸುವ ಬೆಚ್ಚನೆಯ ಕೊಳವೆಯಂಥ ಚೀಲದೊಳಗೆ, ಇರುತ್ತದೆ. ಹಕ್ಕಿಯ ಸದ್ದು ಕೇಳಿದಾಗ ಮಾತ್ರ ಹೊರಗೆ. ಎರಡು ಕೈಗೆ ಎರಡು ತರಹದ ಗ್ಲೌಸ್ ಹಾಕಿದ್ದಕ್ಕೆ ಮೊದಮೊದಲು ನೋಡಿದವರು ಕೇಳುತ್ತಿದ್ದರು. ಈಗ ನಮ್ಮ ಗುಂಪಿನಲ್ಲಿ ನಾಲ್ಕು ಜನ ಹಾಗೇ ಮಾಡುತ್ತಾರೆ.

ಯಾವ ಬಗೆಯದು?

ನಿಯೋಪ್ರೀನ್ ಅಂದರೆ ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಇರುವ ರಬ್ಬರ್. ಮುಳುಗುಗಾರರ ಉಡುಪಿನದೇ ವಸ್ತು. ಸದ್ದು ಮಾಡುವುದಿಲ್ಲ, ಕೈಗೆ ಚೆನ್ನಾಗಿ ಕೂರುತ್ತದೆ, ಒಂದಿಷ್ಟು ನೀರು ಹೊಕ್ಕರೂ ಪೂರ್ತಿ ಸೋಲುವುದಿಲ್ಲ. ಹೊಲಿಗೆಯನ್ನು ಮಾತ್ರ ಬೆಳಕಿಗೆ ಹಿಡಿದು ನೋಡಿ. ಅಂಚುಗಳನ್ನು ಅಂಟಿಸಿ, ಸೂಜಿ ಆಚೆಗೆ ತೂರದಂತೆ ಹೊಲಿದಿರಬೇಕು. ಸಾಮಾನ್ಯ ಹೊಲಿಗೆ ಇದ್ದರೆ ಸೂಜಿ ಹೋದಲ್ಲೆಲ್ಲ ನೀರು ಬರುತ್ತದೆ. ಟ್ರಿಗರ್ ಕೈಗೆ 2 ಮಿಲಿಮೀಟರ್ ಸಾಕು, 5 ಮಿಲಿಮೀಟರಿನದು ಬೆರಳನ್ನು ಮರದ ತುಂಡು ಮಾಡುತ್ತದೆ. ಒಂದು ಕೊರತೆ ಇದೆ. ಮೇಲಿನ ಬಟ್ಟೆ ನೀರು ಹಿಡಿದುಕೊಂಡರೆ ಗಾಳಿ ಬೀಸಿದಾಗ ಅದು ಆರುತ್ತಾ ಕೈಯನ್ನು ತಣ್ಣಗೆ ಮಾಡುತ್ತದೆ, ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವ ಹಾಗೆ.

ಪೊರೆ ಇರುವ ಗ್ಲೌಸ್ ಇನ್ನೊಂದು ಬಗೆ. ಗೋರ್‌ಟೆಕ್ಸ್, ಹೈಪೋರಾ ಅಂತೆಲ್ಲ ಚೀಟಿ ಇರುತ್ತದೆ. ಹೊರಗಿನ ನೀರನ್ನು ತಡೆದು ಬೆವರಿನ ಆವಿಯನ್ನು ಹೊರಗೆ ಬಿಡುವ ತೆಳು ಪದರ ಅದು. ಇಲ್ಲೊಂದು ವಿಷಯ ಗೊತ್ತಿರಲಿ. ಹೆಚ್ಚಿನ ಗ್ಲೌಸ್‌ಗಳಲ್ಲಿ ಈ ಪೊರೆ ಹೊರಬಟ್ಟೆಗೂ ಒಳಪದರಕ್ಕೂ ನಡುವೆ ಒಂದು ಚೀಲದ ಹಾಗೆ ಸಡಿಲವಾಗಿ ಕೂತಿರುತ್ತದೆ. ಕೈ ಒದ್ದೆಯಾಗದಿದ್ದರೂ ಹೊರಗಿನ ಚರ್ಮ ನೀರು ಕುಡಿದು ಭಾರವಾಗುತ್ತದೆ, ತಣ್ಣಗಾಗುತ್ತದೆ. ಒದ್ದೆ ಕೈಯನ್ನು ಹೊರಗೆ ಎಳೆದರೆ ಒಳಪದರವೂ ಜೊತೆಗೇ ತಿರುವಿ ಬರುತ್ತದೆ. ಆಮೇಲೆ ಕತ್ತಲಲ್ಲಿ ಐದು ಬೆರಳಿನ ಜಾಗ ಹುಡುಕುವ ಹೊತ್ತಿಗೆ ಹಕ್ಕಿಗಳು ದಾಟಿ ಹೋಗಿರುತ್ತವೆ. ಆದ್ದರಿಂದ ಪದರಗಳನ್ನು ಒಂದಕ್ಕೊಂದು ಅಂಟಿಸಿದ್ದನ್ನೇ ಕೇಳಿ ತೆಗೆದುಕೊಳ್ಳಿ. ಈ ಕೆಲಸಕ್ಕೆ ಹೆಸರಾದ ಸೀಲ್‌ಸ್ಕಿನ್ಜ್ ನಮ್ಮ ವಾಶ್ ಪಕ್ಕದ ಕಿಂಗ್ಸ್ ಲಿನ್ ಊರಿನ ಕಂಪನಿಯೇ.

ಮೂರನೆಯದು ರಬ್ಬರಿನಲ್ಲೋ ಪಾಲಿಯುರೆಥೇನಿನಲ್ಲೋ ಅದ್ದಿ ತೆಗೆದ ಕೆಲಸಗಾರರ ಗ್ಲೌಸ್. ಹೊರಮೈಯಲ್ಲಿ ಹೊಲಿಗೆಯೇ ಇಲ್ಲ, ಹಾಗಾಗಿ ಸೋರುವ ಜಾಗವೂ ಇಲ್ಲ. ಜಪಾನಿನ ಶೋವಾ ಕಂಪನಿಯ 282 ಅನ್ನುವ ನೀಲಿ ಗ್ಲೌಸ್ ಮೀನುಗಾರರು ಹಾಕುವಂಥದ್ದು, ಹಿಮಪರ್ವತ ಹತ್ತುವವರೂ ಅದನ್ನು ಮೆಚ್ಚುತ್ತಾರೆ. ಚಳಿಯಲ್ಲೂ ಬಿರುಸಾಗುವುದಿಲ್ಲ. ಅಗ್ಗದ ಪಿವಿಸಿ ಮಾತ್ರ ಸೊನ್ನೆ ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ, ಕಿರಕಿರ ಅನ್ನುತ್ತದೆ. ನೀಲಿ ಬಣ್ಣವೂ ಹಕ್ಕಿಗಳ ಕಣ್ಣಿಗೆ ಬೀಳುತ್ತದೆ. ಕೋವಿ ಎತ್ತುವಾಗ ಮೊದಲು ಅಲ್ಲಾಡುವುದು ಕೈಯೇ ಅಲ್ವಾ? ಹೆಬ್ಬಾತಿನ ಕಣ್ಣು ಬಹಳ ಚುರುಕು. ಹಾಗಾಗಿ ಕಂದು, ಹಸಿರು, ಕೆಸರಿನ ಬಣ್ಣವೇ ಸರಿ.

ಬರೀ ಚರ್ಮದ ಗ್ಲೌಸ್ ಬಗ್ಗೆ ಜಾಸ್ತಿ ಹೇಳಲಾರೆ. ಒಣ ಹೊಲದಲ್ಲಿ ಅದು ಚೆಂದ. ಉಪ್ಪುನೀರಿನಲ್ಲಿ ಒಂದು ಸೀಸನ್ ಬಂದರೆ ಹೆಚ್ಚು.

ಮಣಿಕಟ್ಟು

ಹೆಚ್ಚಿನವರು ನೋಡದೆ ಬಿಡುವ ಜಾಗ ಇದು. ನಾನು ಅತಿ ಹೆಚ್ಚು ಕಷ್ಟಪಟ್ಟದ್ದೂ ಇದರಿಂದಲೇ.

ಗ್ಲೌಸ್‌ನ ಅಂಚು ಜಾಕೆಟ್ ತೋಳಿನ ಒಳಗೋ ಹೊರಗೋ? ಕೈ ಕೆಳಗಿಳಿದಾಗ ಒಂದು ಉತ್ತರ, ಮೇಲೆತ್ತಿದಾಗ ಇನ್ನೊಂದು. ಮಳೆಯಲ್ಲಿ ಕೂತು ಕೈ ಕೆಳಗಿದ್ದರೆ ತೋಳಿನ ನೀರು ಜಾರಿ ಬರುತ್ತದೆ. ಆಗ ಅಂಚು ತೋಳಿನ ಒಳಗಿದ್ದರೆ ನೀರು ಗ್ಲೌಸ್ ಮೇಲಿಂದ ಹರಿದು ಹೋಗುತ್ತದೆ. ನೀರಿಗೆ ಕೈ ಹಾಕುವಾಗ ಉದ್ದ ಗ್ಲೌಸ್ ತೋಳಿನ ಹೊರಗೆ, ಮೊಣಕೈವರೆಗೆ ಬರಬೇಕು. ಅದೇ ಉದ್ದ ಗ್ಲೌಸ್ ಹಾಕಿಕೊಂಡು ಕೋವಿ ಎತ್ತಿದರೆ ಬೆರಳ ತುದಿಯ ನೀರೆಲ್ಲ ಮೊಣಕೈ ಕಡೆ ಇಳಿದು ಅಗಲ ಬಾಯಿಯೊಳಗೆ ಬೀಳುತ್ತದೆ. ಅದಕ್ಕೇ ಹೇಳಿದ್ದು, ನೀರಿನ ಕೆಲಸದ ಗ್ಲೌಸ್ ಬೇರೆ, ಕೋವಿಯ ಗ್ಲೌಸ್ ಬೇರೆ.

ಕೋವಿಯ ಗ್ಲೌಸ್‌ಗೆ ಹಿಗ್ಗುವ ಉದ್ದನೆಯ ಅಂಚು ಇರಲಿ, ಮಣಿಕಟ್ಟಿನಿಂದ ನಾಲ್ಕು ಬೆರಳಿನಷ್ಟಾದರೂ ಮೇಲೆ ಬರಲಿ. ಬೆರಳಿಗೆ ಹೋಗುವ ರಕ್ತ ಮಣಿಕಟ್ಟಿನಲ್ಲಿ ಚರ್ಮದ ಕೆಳಗೇ ಹಾದು ಹೋಗುತ್ತದೆ. ಅಲ್ಲಿ ಚಳಿ ತಾಗಿದರೆ ಬೆರಳಿಗೆ ತಣ್ಣಗಿನ ರಕ್ತ ತಲುಪುತ್ತದೆ. ವೆಲ್ಕ್ರೋ ಪಟ್ಟಿ ಇದ್ದರೆ ತುಂಬ ಬಿಗಿ ಮಾಡಬೇಡಿ. ರಕ್ತ ಓಡಾಡದಿದ್ದರೆ ಯಾವ ಗ್ಲೌಸೂ ಕೈಯನ್ನು ಬೆಚ್ಚಗಿಡಲಾರದು.

ಟ್ರಿಗರ್ ಬೆರಳು

ತೋರುಬೆರಳಿನ ತುದಿ ಮಡಚಬಹುದಾದ ಗ್ಲೌಸ್ ಸಿಗುತ್ತದೆ. ಸೀಳಿರುವ ಆ ಜಾಗದಿಂದ ನೀರು ಬಂದೇ ಬರುತ್ತದೆ. ಮಳೆ ಇಲ್ಲದ ದಿನಕ್ಕೆ ಒಳ್ಳೆಯದು, ‘ವಾಟರ್‌ಪ್ರೂಫ್’ ಅನ್ನುವ ಚೀಟಿಯನ್ನು ಮಾತ್ರ ಅದರ ಮಟ್ಟಿಗೆ ನಂಬಬೇಡಿ.

ಬೆರಳು ಮುಚ್ಚಿದ ಗ್ಲೌಸ್ ಆದರೆ ಮನೆಯಲ್ಲಿ ಪರೀಕ್ಷೆ ಮಾಡಿ. ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಡಮ್ಮಿ ತೋಟಾ ಹಾಕಿ. ಬೆರಳು ಟ್ರಿಗರ್ ಸುತ್ತಲಿನ ಬಳೆಯೊಳಗೆ ಹೋಗುವಾಗ ಗ್ಲೌಸ್ ಬಟ್ಟೆ ಟ್ರಿಗರ್‌ಗೆ ತಾಗುತ್ತದೆಯೇ? ತಾಗಿದರೆ ಆ ಗ್ಲೌಸ್ ಬೇಡ. ಎಷ್ಟೇ ಬೆಚ್ಚಗಿದ್ದರೂ ಬೇಡ. ಬೆರಳು ಹೊರಗೆ ತೆಗೆಯುವಾಗಲೂ ಸಿಕ್ಕಿಕೊಳ್ಳಬಾರದು. ಸೇಫ್ಟಿ ಗುಂಡಿ ಮುಂದೆ ಹೋಯಿತೋ ಹಿಂದೆ ಬಂತೋ ಹೆಬ್ಬೆರಳಿಗೆ ತಿಳಿಯಬೇಕು. ಕಣ್ಣು ಮುಚ್ಚಿ ಇಪ್ಪತ್ತು ಸಲ ಮಾಡಿ ನೋಡಿ. ಡಮ್ಮಿ ತೋಟಾ ಹಾಕಿ ತೆಗೆಯುವುದನ್ನೂ ಗ್ಲೌಸ್ ಹಾಕಿಕೊಂಡೇ ಮಾಡಿ. ಸೆಮಿ ಆಟೋಮ್ಯಾಟಿಕ್ ಇದ್ದವರು, ಬೋಲ್ಟ್, ಅಂದರೆ ತೋಟಾದ ಹಿಂದೆ ಮುಚ್ಚಿಕೊಳ್ಳುವ ಉಕ್ಕಿನ ತುಂಡು, ಮುಚ್ಚುವಾಗ ಬೆರಳ ತುದಿಯ ಸಡಿಲ ಬಟ್ಟೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಅಳತೆ

ಹೆಬ್ಬೆರಳು ಬಿಟ್ಟು, ಬೆರಳ ಗೆಣ್ಣುಗಳ ಹತ್ತಿರ ಅಂಗೈ ಸುತ್ತ ಟೇಪು ಸುತ್ತಿ. ಎಷ್ಟು ಇಂಚು ಬರುತ್ತದೋ ಸುಮಾರಾಗಿ ಅದೇ ಸೈಜು. 8 ಇಂಚು, ಅಂದರೆ 20 ಸೆಂಟಿಮೀಟರ್ ಬಂದರೆ 8ನೇ ಸೈಜು. 9 ಇಂಚು ಬಂದರೆ 9. ಬಲಗೈ ಹೆಚ್ಚಿನವರಿಗೆ ಸ್ವಲ್ಪ ದೊಡ್ಡದು, ಅದನ್ನೇ ಅಳೆಯಿರಿ. ಒಳಗೆ ಉಣ್ಣೆ ಗ್ಲೌಸ್ ಹಾಕುವುದಿದ್ದರೆ ಅದನ್ನು ಹಾಕಿಕೊಂಡೇ ಅಂಗಡಿಗೆ ಹೋಗಿ. ಮುಷ್ಟಿ ಬಿಗಿದಾಗ ಬೆರಳ ತುದಿ ಒತ್ತಬಾರದು. ಒತ್ತಿದ ಜಾಗದಲ್ಲಿ ಗಾಳಿ ಇರುವುದಿಲ್ಲ, ಅಲ್ಲೇ ಮೊದಲು ಚಳಿ ಹಿಡಿಯುತ್ತದೆ. ಬೆರಳ ತುದಿಯಲ್ಲಿ ಅರ್ಧ ಇಂಚು ಜೋತಾಡಲೂ ಬಾರದು.

ನಮ್ಮವರ ಕೈ ಎಷ್ಟೋ ಸಲ ಇಲ್ಲಿನ ಮೀಡಿಯಂಗಿಂತ ಸಣ್ಣದು, ಹೆಂಗಸರಿಗಂತೂ ಇದು ದೊಡ್ಡ ತೊಂದರೆ. ಗಂಡಸರ ಸ್ಮಾಲ್ ಅಂತ ಕೊಟ್ಟದ್ದನ್ನು ಸುಮ್ನೆ ಒಪ್ಪಿಕೊಳ್ಳಬೇಡಿ. 7ನೇ ಸೈಜು ಕೇಳಿ ತರಿಸಿಕೊಳ್ಳಿ.

ಅಂಗಡಿಯಲ್ಲಿ ಇನ್ನೊಂದು ನೋಡಿ. ಕೆಲವು ಗ್ಲೌಸ್ ಮೇಲೆ ಹಿಮದ ಹರಳಿನ ಚಿತ್ರ, ಅದರ ಕೆಳಗೆ ಮೂರು ಅಂಕಿ ಇರುತ್ತವೆ. ಇದು ಇಎನ್ 511 ಅನ್ನುವ ಯುರೋಪಿನ ಗುಣಮಟ್ಟ. ಮೊದಲ ಅಂಕಿ ಸುತ್ತಲಿನ ಚಳಿಗಾಳಿಗೆ, ಎರಡನೆಯದು ತಣ್ಣಗಿನ ವಸ್ತು ಮುಟ್ಟಿದಾಗ. ಎರಡೂ 4ರವರೆಗೆ ಹೋಗುತ್ತವೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಕೋವಿಯ ಉಕ್ಕಿನ ನಳಿಗೆ ಹಿಡಿಯುವ ನಮಗೆ ಎರಡನೆಯದು ಮುಖ್ಯ. ಮೂರನೆಯದು ನೀರಿಗೆ. ಅಲ್ಲಿ 1 ಇದ್ದರೆ ನೀರಿನ ಪರೀಕ್ಷೆಯಲ್ಲಿ 30 ನಿಮಿಷ ಸೋರಲಿಲ್ಲ ಅಂತ ಅರ್ಥ. 0 ಇದ್ದರೆ ಪಾಸಾಗಿಲ್ಲ. ಎಕ್ಸ್ ಅಂತ ಇದ್ದರೆ ಆ ಪರೀಕ್ಷೆಯನ್ನೇ ಮಾಡಿಲ್ಲ.

ಬಕೆಟ್ ಪರೀಕ್ಷೆ

ರಸೀದಿ ಎಸೆಯಬೇಡಿ. ಮನೆಗೆ ಬಂದು ಅದೇ ದಿನ ಬಕೆಟ್‌ಗೆ ತಣ್ಣೀರು ತುಂಬಿ. ಕೈಗೆ ಟಿಶ್ಯೂ ಕಾಗದ ಸುತ್ತಿಕೊಂಡು ಗ್ಲೌಸ್ ಹಾಕಿ, ಅಂಚು ಮುಳುಗದಂತೆ ಹತ್ತು ನಿಮಿಷ ಇಳಿಸಿ. ಸುಮ್ಮನೆ ಹಿಡಿಯಬೇಡಿ, ಮುಷ್ಟಿ ಬಿಗಿದು ಬಿಡುತ್ತಾ ಇರಿ. ಸೋರುವುದು ಹೊಲಿಗೆ ಹಿಗ್ಗಿದಾಗಲೇ. ಕಾಗದ ಎಲ್ಲಿ ನೆನೆದಿದೆ ಅನ್ನುವುದೇ ತೂತಿನ ಗುರುತು. ಹೆಬ್ಬೆರಳು ತೋರುಬೆರಳಿನ ನಡುವಿನ ಕವಲಿನಲ್ಲೇ ಹೆಚ್ಚಾಗಿ ಸಿಗುತ್ತದೆ. ನಾನು ಹೀಗೆ ಹೊಸ ಜೊತೆಗಳನ್ನು ಹಿಂದಕ್ಕೆ ಕೊಟ್ಟದ್ದಿದೆ.

ಕೈ ಹೊರಗೆ ತೆಗೆದ ಮೇಲೆ ಒದ್ದೆ ಕೈಯಲ್ಲೇ ಗ್ಲೌಸ್ ಮತ್ತೆ ಹಾಕಿ ನೋಡಿ. ಒಳಪದರ ತಿರುವಿ ಬಂದರೆ ಆ ಜೊತೆಯೂ ಹಿಂದಕ್ಕೆ.

ಚೀಲದಲ್ಲಿ ಏನಿರಬೇಕು

ಹಿರಿಯರ ಆ ಬ್ರೆಡ್ಡಿನ ಕವರ್ ಈಗ ನನ್ನ ಚೀಲದಲ್ಲೂ ಇದೆ. ಗಾಳಿಯಾಡದ ಚೀಲದಲ್ಲಿ ಒಂದು ಜೊತೆ ಒಣಗಿದ ಉಣ್ಣೆ ಗ್ಲೌಸ್, ಯಾವತ್ತೂ. ಜೊತೆಗೆ ಒಂದು ಸಣ್ಣ ಟವೆಲ್. ಡಿಕಾಯ್ ಇಟ್ಟು ಬಂದ ಮೇಲೆ ಕೈ ಒರೆಸದೆ ಕೋವಿಯ ಗ್ಲೌಸ್ ಹಾಕಿದರೆ ಅದು ಆ ಕ್ಷಣದಿಂದಲೇ ಒದ್ದೆ. ಎರಡು ಜೊತೆ ತೆಳು ನೈಟ್ರೈಲ್ ಗ್ಲೌಸ್, ಡಾಕ್ಟರುಗಳು ಹಾಕುವಂಥದ್ದು, ಇರಲಿ. ಹೊರಗ್ಲೌಸ್ ಸೋರಿದರೆ ಉಣ್ಣೆಯ ಮೇಲೆ ಇದನ್ನು ಹಾಕಿ ದಿನ ಕಳೆಯಬಹುದು. ಹಕ್ಕಿಜ್ವರದ ಈ ಕಾಲದಲ್ಲಿ ಪುಕ್ಕ ಕೀಳಲು, ಕರುಳು ತೆಗೆಯಲು ಹೇಗೂ ಬೇಕು.

ಬಿಸಿ ಮಾಡುವ ಸಣ್ಣ ಪೊಟ್ಟಣಗಳು ಸಿಗುತ್ತವಲ್ಲ, ಅವುಗಳೊಳಗೆ ಇರುವುದು ಕಬ್ಬಿಣದ ಪುಡಿ. ಗಾಳಿ ತಾಗಿ ತುಕ್ಕು ಹಿಡಿಯುವಾಗ ಬಿಸಿ ಹುಟ್ಟುತ್ತದೆ. ಗಾಳಿಯಾಡದ ಗ್ಲೌಸ್ ಒಳಗೆ ತುರುಕಿದರೆ ಅವು ಕೆಲಸ ಮಾಡುವುದಿಲ್ಲ. ಮಫ್ ಒಳಗೆ ಇಡಿ, ಕಾರಿನಿಂದ ಇಳಿಯುವ ಮೊದಲೇ ತೆರೆದು ಬಿಸಿಯಾಗಲು ಬಿಡಿ.

ಬೆರಳು ಮರಗಟ್ಟಿದರೆ

ಕೋವಿ ಮೊದಲು. ತೋಟಾ ಕೈಗೆ ಸಿಗುವ ಹೊತ್ತಲ್ಲೇ ಖಾಲಿ ಮಾಡಿ. ಆಗದಿದ್ದರೆ ಪಕ್ಕದವರನ್ನು ಕರೆಯಿರಿ, ನಾಚಿಕೆ ಬೇಡ. ಆಮೇಲೆ ಕೈಯನ್ನು ಜಾಕೆಟ್ ಒಳಗೆ ಕಂಕುಳಿಗೆ ಇಡಿ. ಉಜ್ಜಬೇಡಿ. ಕಾರಿಗೆ ಬಂದ ಕೂಡಲೇ ಹೀಟರ್ ಬಾಯಿಗೆ ಹಿಡಿಯಬೇಡಿ, ಮನೆಯಲ್ಲಿ ಕುದಿನೀರಿಗೂ ಹಾಕಬೇಡಿ. ಸ್ಪರ್ಶ ಇಲ್ಲದ ಬೆರಳಿಗೆ ಸುಟ್ಟದ್ದು ತಿಳಿಯುವುದಿಲ್ಲ. ಚಳಿಗೆ ಬೆರಳು ಬಿಳಿಚಿಕೊಂಡು, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪಾಗುವುದು ಪದೇ ಪದೇ ಆದರೆ ಡಾಕ್ಟರಿಗೆ ತೋರಿಸಿ. ಅದನ್ನು ರೇನಾಡ್ಸ್ ಅನ್ನುತ್ತಾರೆ, ಬರೀ ಗ್ಲೌಸ್ ಬದಲಿಸಿದರೆ ಸಾಲದು.

ವಾಶ್‌ನಂಥ ಕಡೆ ಇದಕ್ಕೆ ಇನ್ನೊಂದು ಮುಖ ಇದೆ. ಉಬ್ಬರ ಬರುವ ಹೊತ್ತಿಗೆ ಕೆಸರು ದಾಟಿ ದಡಕ್ಕೆ ಬಂದಿರಬೇಕು. ಟಾರ್ಚ್ ಒತ್ತಲು, ದಿಕ್ಸೂಚಿ ಹಿಡಿಯಲು, ಫೋನ್ ಮಾಡಲು ಬೆರಳು ಬೇಕು. ಕೈ ಸೋತಿತು ಅನ್ನಿಸಿದರೆ ಹಕ್ಕಿ ಬರಲಿ ಬಿಡಲಿ, ಹೊರಟುಬಿಡಿ.

ಮನೆಗೆ ಬಂದ ಮೇಲೆ

ಉಪ್ಪು ಹೋಗುವ ಹಾಗೆ ಸಿಹಿನೀರಿನಲ್ಲಿ ತೊಳೆಯಿರಿ. ರೇಡಿಯೇಟರ್ ಮೇಲೆ ಇಡಬೇಡಿ, ಅಂಟು ಬಿಡುತ್ತದೆ, ಚರ್ಮ ಸೆಟೆದುಕೊಳ್ಳುತ್ತದೆ. ಬೆರಳುಗಳೊಳಗೆ ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ಗಾಳಿಯಾಡುವ ಕಡೆ ತೂಗುಹಾಕಿ. ಹೊರಬಟ್ಟೆಯ ಮೇಲೆ ನೀರು ಮುತ್ತಿನ ಹಾಗೆ ಉರುಳದೆ ಹೀರಿಕೊಳ್ಳಲು ಶುರು ಮಾಡಿದರೆ ನಿಕ್‌ವ್ಯಾಕ್ಸ್‌ನಂಥ, ಬಟ್ಟೆ ನೀರು ಹೀರದಂತೆ ಮಾಡುವ ದ್ರವ ಹಚ್ಚುವ ಹೊತ್ತು ಬಂತು ಅಂತ ತಿಳಿಯಿರಿ.

ನಮ್ಮ ಕೊಡಗಿನಲ್ಲಿ ಆಯುಧಗಳ ಹಬ್ಬ ಕೈಲ್ ಪೊಳ್ದ್ ಬರುವುದು ಸೆಪ್ಟೆಂಬರ್ 3ಕ್ಕೆ. ಕೋವಿಗಳನ್ನು ಒರೆಸಿ, ತೋಕ್ ಪೂ ಅನ್ನುವ ಹೂ ಮುಡಿಸಿ ಪೂಜೆಗೆ ಇಡುತ್ತಾರೆ. ಇಲ್ಲಿ ಸೀಸನ್ ಅದಕ್ಕೆ ಎರಡು ದಿನ ಮೊದಲು ಶುರು. ಆಗಸ್ಟ್ ಕೊನೆಯ ಭಾನುವಾರ ನಾನು ಕೋವಿಗೆ ಎಣ್ಣೆ ಹಾಕುತ್ತೇನೆ, ಗ್ಲೌಸ್‌ಗಳನ್ನೆಲ್ಲ ಪೆಟ್ಟಿಗೆಯಿಂದ ತೆಗೆದು ಹಿತ್ತಲಿಗೆ ತರುತ್ತೇನೆ, ಬಕೆಟ್‌ಗೆ ನೀರು ತುಂಬುತ್ತೇನೆ. ಹೋದ ವರ್ಷ ಸೋರದಿದ್ದ ಜೊತೆಯನ್ನೂ ಮತ್ತೆ ಮುಳುಗಿಸಿ ನೋಡುತ್ತೇನೆ.